ಚಕ್ಕುಬಂದಿ

ನಾಳೆ ಬೆಳಗ್ಗೆ ಒಂಬತ್ತಕ್ಕೆ ಮುಬೀನ್ ತಾಜ್‌ಳ ಪ್ರವೇಶ ಪರೀಕ್ಷೆ.
ಅರಸೀಕೆರೆ ಸಬ್ ರಿಜಿಸ್ಟ್ರಾರ್ ಆಫೀಸಿನೆದುರು
ಹತ್ತಕ್ಕೆ ಹನ್ನೆರಡಡಿಯ ನನ್ನ ಮಳಿಗೆಯಲ್ಲಿ,
ಒಂಬತ್ತು ವರ್ಷದಿಂದ ಕ್ರಯಪತ್ರ ಬಿಟ್ಟು
ಬೇರೇನನ್ನೂ ಕಂಡಿರದ ಈ ಕಂಪ್ಯೂಟರಿನ ಮುಂದೆ.

ಅವಳಪ್ಪ ಸಾಬ್ಜಾನ್ ಚಹಾ ಇಟ್ಟು, ಲೋಟ ಒರೆಸಿ,
ಮತ್ತೊಮ್ಮೆ ಒರೆಸಿ, ಹೇಳಿದ್ದಿಷ್ಟೇ:
"ಅಕ್ಕಾ, ಫೋನಲ್ಲಿ ಬರೆಯೋಕೆ ಬಿಡಲ್ವಂತೆ."

ಮೊದಲು ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದೆವು.
ಉದುರಿದ್ದು: ಕಡಲೆಬೀಜದ ಸಿಪ್ಪೆ, ಸ್ಟೇಪ್ಲರ್ ಪಿನ್ನು,
ಯಾರದೋ ಹೆಬ್ಬೆಟ್ಟು ಒರೆಸಿದ ನೀಲಿ ಹತ್ತಿಯ ಎಳೆ.
ಅಕ್ಷರ ಅಳಿಸಿಹೋದ ಗುಂಡಿಗಳ ಮೇಲೆ
ಅವಳು ಬಿಳಿ ಚೀಟಿ ಕತ್ತರಿಸಿ, ಬರೆದು, ಅಂಟಿಸಿದಳು.
ನನಗೆ ಬೇಕೇ ಆಗಿರಲಿಲ್ಲ ಅದು.
'ಈ ದಿವಸ ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ'
ಕಣ್ಣು ಮುಚ್ಚಿದರೂ ಬೆರಳಿಗೆ ಬರುತ್ತದೆ.

ಪರೀಕ್ಷೆಯ ತಂತ್ರಾಂಶ ಬೀಗರ ಹಾಗೆ,
ಬರುವ ಮುಂಚೆಯೇ ಹೇಳಿ ಕಳಿಸುತ್ತದೆ:
ಇಷ್ಟು ಜಾಗ ಬೇಕು, ಬೇರೆ ಯಾರೂ ಇರಕೂಡದು,
ನೀರು, ಅಲ್ಲ, ನೆಟ್ಟು, ನಡುವೆ ನಿಲ್ಲಬಾರದು.
ನಿಮ್ಮ ಗಡಿಯಾರ ಮೂರು ನಿಮಿಷ ಹಿಂದಿದೆ.
(ನಮ್ಮ ಆಫೀಸಿನ ಮಟ್ಟಿಗೆ ಅದು ಮುಂದೆಯೇ.)

ಜಾಗ ಸಾಲದು ಎಂದಿತು. ಡಿ ಡ್ರೈವ್ ತೆರೆದು ಕೂತೆ.
ತಿಪಟೂರು ರಸ್ತೆಯ ತೆಂಗಿನ ತೋಟ, ಮೂರು ಪಾಲು;
ಬಾಣಾವರದ ಅಣ್ಣತಮ್ಮಂದಿರ ವಿಭಾಗಪತ್ರ,
ಹನ್ನೊಂದು ಸಲ ತಿದ್ದಿ ಕೊನೆಗೂ ನೋಂದಣಿಯಾಗದ್ದು;
ಗಂಡಸಿಯ ಮುದುಕಿಯ ದಾನಪತ್ರ,
ಅದರ ರದ್ದತಿ, ಮತ್ತೆ ದಾನಪತ್ರ.
ಅದರ ಕೆಳಗೆ ನನ್ನದೇ ಹೆಸರಿನದೊಂದು:
ಹಕ್ಕು ಖುಲಾಸೆ.
ಅಣ್ಣಂದಿರಿಗಾಗಿ ನಾನೇ ಟೈಪು ಮಾಡಿ,
'ಸ್ವಸಂತೋಷದಿಂದ' ಎಂಬಲ್ಲಿ ಬಿಟ್ಟುಹೋಗಿದ್ದ ಒತ್ತನ್ನು
ನಾನೇ ಸೇರಿಸಿ, ಬರಹದ ಫೀಸನ್ನೂ ಬಿಟ್ಟುಕೊಟ್ಟದ್ದು.

ಮುಬೀನ್ ಭುಜದ ಮೇಲಿಂದ ಬಗ್ಗಿದಳು.
"ಇದನ್ನ ತೆಗೆದ್ರೆ ಎಷ್ಟು ಜಾಗ ಸಿಗುತ್ತೆ ಆಂಟಿ?"
ಮೂವತ್ತೆಂಟು ಕೆ.ಬಿ.
"ಅಷ್ಟೇನಾ?"
ಅಷ್ಟೇ. ಎರಡೆಕರೆ ಹನ್ನೆರಡು ಗುಂಟೆ.

ಒತ್ತಿದೆ. ಬುಟ್ಟಿಯನ್ನೂ ಖಾಲಿ ಮಾಡಿದೆ. ಸಾಲಲಿಲ್ಲ.
ದೊಡ್ಡಣ್ಣನ ಗೃಹಪ್ರವೇಶದ ವಿಡಿಯೋ ತೆಗೆದಾಗ
ಬೇಕಾದಷ್ಟು ಜಾಗವಾಯಿತು.

ಆಮೇಲೆ ಅಪ್‌ಡೇಟು. ನೂರಕ್ಕೆ ನಲವತ್ತರಲ್ಲಿ
ಒಂದು ಗಂಟೆ ನಿಂತಿತು, ಹುಬ್ಬಳ್ಳಿ ಗಾಡಿಗೆ ಕ್ರಾಸಿಂಗ್ ಕೊಟ್ಟು
ನಮ್ಮ ಪ್ಯಾಸೆಂಜರ್ ನಿಲ್ಲುವ ಹಾಗೆ.
ಅವಳು ಪೆನ್ನಿನ ಕ್ಯಾಪು ಕಚ್ಚುತ್ತ ಕೂತಳು.
ಸಾಬ್ಜಾನ್ ಮೂರು ಸಲ ಬಂದುಹೋದ, ಕೇಳದೆಯೇ ಚಹಾ ತಂದು.
ಯುಪಿಎಸ್ಸಿನ ತಂತಿ ಎಳೆದು ಲೆಕ್ಕ ಹಾಕಿದೆವು:
ಕರೆಂಟು ಹೋದರೆ ಇಪ್ಪತ್ತಾರು ನಿಮಿಷ ಉಸಿರಿದೆ.

ರಾತ್ರಿ ಎಂಟಕ್ಕೆ ಅಭ್ಯಾಸದ ಪರೀಕ್ಷೆ. ಪರದೆ ಕೇಳಿತು:
ಕೋಣೆಯ ನಾಲ್ಕೂ ದಿಕ್ಕು ತೋರಿಸಿ.
ಎರವಲು ತಂದ ಕ್ಯಾಮೆರಾ ಹಿಡಿದು ಅವಳು ಮೆಲ್ಲಗೆ ತಿರುಗಿದಳು.
ನನ್ನ ಬಾಯಿ ಸುಮ್ಮನಿರಬೇಕಲ್ಲ!
ಪೂರ್ವಕ್ಕೆ ಕಬ್ಬಿಣದ ಬೀರು,
ಪಶ್ಚಿಮಕ್ಕೆ ಝೆರಾಕ್ಸ್ ಓಂಕಾರಪ್ಪನ ಗೋಡೆ,
ಉತ್ತರಕ್ಕೆ ಕಿಟಕಿ, ಅದರಾಚೆ ರೈಲುಹಳಿ,
ದಕ್ಷಿಣಕ್ಕೆ…
ಪರದೆ ಕೆಂಪಾಯಿತು: ಇನ್ನೊಬ್ಬರ ದನಿ ಕೇಳಿಸುತ್ತಿದೆ.

ಎದ್ದು ಹೊರಗೆ ಬಂದೆ. ಶಟರನ್ನು ಮೊಣಕಾಲೆತ್ತರಕ್ಕೆ ಇಳಿಸಿ
ಮೆಟ್ಟಿಲ ಮೇಲೆ ಕೂತೆ. ಕೊಬ್ಬರಿ ಲಾರಿಯೊಂದು
ಬೀದಿಗೆಲ್ಲ ಎಣ್ಣೆಯ ವಾಸನೆ ಬಳಿದುಕೊಂಡು ಹೋಯಿತು.
ಒಳಗೆ ಅವಳು ಮೊದಲ ಪ್ರಶ್ನೆಯನ್ನು ಪಿಸುಗುಟ್ಟಿ,
ತನ್ನ ದನಿಗೆ ತಾನೇ ಬೆಚ್ಚಿ, ಸುಮ್ಮನಾದಳು.
ಆಮೇಲೆ ಬರೀ ಗುಂಡಿಗಳ ಸದ್ದು. ನನ್ನ ಬೆರಳಿನದಲ್ಲದ್ದು.

ದಕ್ಷಿಣಕ್ಕೆ ನಾನು.
ನಾಳೆ ಮಧ್ಯಾಹ್ನ ಹನ್ನೆರಡರವರೆಗೆ ಈ ಕಡೆಯಿಂದ
ಕಾಲುದಾರಿಯ ಹಕ್ಕು ಯಾರಿಗೂ ಇರುವುದಿಲ್ಲ.